ಅಟ್ಟ ಹತ್ತಿದ ದ್ರಾಕ್ಷಿ

ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಸುಗ್ಗಿಯೆಂದರೆ ಧಾವಂತ. ಗೊಂಚಲು ಕಪ್ಪಿಗೆ ತಿರುಗಿತೆಂದರೆ ಆಳು ಹುಡುಕಬೇಕು, ಕ್ರೇಟು ಹೊಂದಿಸಬೇಕು, ರಾತ್ರಿಯೇ ಗಾಡಿಗೆ ತುಂಬಬೇಕು. ನಡುವೆ ಒಂದು ಮಳೆ ಬಿದ್ದರೆ ಹಣ್ಣು ಸೀಳುತ್ತದೆ. ಮಂಡಿಯಲ್ಲಿ ದಲ್ಲಾಳಿ ಹೇಳಿದ ರೇಟು ಹಿಡಿಸಲಿಲ್ಲವೆಂದು ವಾಪಸು ತರುವ ಹಾಗಿಲ್ಲ. ತಂದರೆ ನಾಳಿದ್ದು ಅದನ್ನು ಕೇಳುವವರಿಲ್ಲ. ಅಂಥ ಮನೆಯಿಂದ ಹೋದ ನಾನು, ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಮದೀರ ದ್ವೀಪದಲ್ಲಿ, 1908ರ ಸುಗ್ಗಿಯಲ್ಲಿ ಕಿತ್ತ ದ್ರಾಕ್ಷಿಯ ರಸವನ್ನು ಕುಡಿದು ಬಂದೆ. ಬಂದು ತಿಂಗಳುಗಳೇ ಕಳೆದಿವೆ. ಅದರ ರುಚಿ ಹೇಗಿತ್ತೆಂದು ಕೇಳಿದವರಿಗೆಲ್ಲ ಹೇಳಿಯಾಗಿದೆ. ಯಾರೂ ಕೇಳದ ಇನ್ನೊಂದು ಮಾತು ಮಾತ್ರ ಒಳಗೇ ಉಳಿದಿದೆ: ಆ ಹಣ್ಣು ಬೆಳೆದವರು ಯಾರು, ಅದನ್ನು ಅಷ್ಟು ಕಾಲ ಕಾಯಿಸಿದವರು ಯಾರು, ಇಬ್ಬರೂ ಒಬ್ಬರೇ ಆಗಿದ್ದರೇ?

ಮದೀರದಲ್ಲಿ ಸಮತಟ್ಟು ನೆಲ ಎಷ್ಟು ದುರ್ಲಭ ಎನ್ನುವುದು ವಿಮಾನ ಇಳಿಯುವಾಗಲೇ ತಿಳಿಯುತ್ತದೆ. ರನ್‌ವೇಗೆ ಸಾಕಾಗುವಷ್ಟು ಜಾಗವಿಲ್ಲದೆ ಅದರ ಒಂದು ಭಾಗವನ್ನು ಕಡಲಿನ ಅಂಚಿನಲ್ಲಿ 180 ಕಾಂಕ್ರೀಟ್ ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಅಲ್ಲಿಂದ ರಾಜಧಾನಿ ಫುಂಶಾಲಿಗೆ ಹೋಗುವ ದಾರಿಯುದ್ದಕ್ಕೂ ಎಡಗಡೆ ಸಮುದ್ರ, ಬಲಗಡೆ ನೆಟ್ಟಗೆ ಎದ್ದ ಬೆಟ್ಟ. ಆ ಬೆಟ್ಟದ ಮೈಯನ್ನು ಕಪ್ಪು ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದಾರೆ. ಪ್ರತಿ ಮೆಟ್ಟಿಲಿಗೂ ಒಂದಿಷ್ಟು ಬಾಳೆ, ಒಂದಿಷ್ಟು ಕಬ್ಬು, ಒಂದಿಷ್ಟು ದ್ರಾಕ್ಷಿ. ಆರು ಶತಮಾನಗಳ ಹಿಂದೆ ಇಲ್ಲಿ ಜನವಸತಿಯೇ ಇರಲಿಲ್ಲ. 1419ರಲ್ಲಿ ಪೋರ್ಚುಗೀಸ್ ನಾವಿಕರು ಬಂದಾಗ ಇದ್ದದ್ದು ಕಾಡು ಮಾತ್ರ. ಮೊದಲು ಕಬ್ಬು ಬೆಳೆದು ಸಕ್ಕರೆ ಮಾರಿದರು. ಬ್ರೆಜಿಲ್ಲಿನ ಸಕ್ಕರೆ ಬಂದು ಇವರದ್ದು ಬಿದ್ದುಹೋದಾಗ ದ್ರಾಕ್ಷಿಯನ್ನು ನೆಚ್ಚಿದರು.

ಫುಂಶಾಲಿನ ರುವಾ ದೊಸ್ ಫೆರೇರೊಸ್ ಎಂಬ ಕಿರಿದಾದ ಬೀದಿಯಲ್ಲಿ ಪೆರೇರ ದೊಲಿವೇರ ಮನೆತನದ ವೈನ್ ಕೋಠಿ ಇದೆ. 19ನೇ ಶತಮಾನದಲ್ಲಿ ಶುರುವಾದ ವ್ಯಾಪಾರ, ಈಗಲೂ ಅದೇ ಕುಟುಂಬದ ಕೈಯಲ್ಲಿದೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಮೊದಲು ಕಣ್ಣು ಕಾಣಲಿಲ್ಲ, ವಾಸನೆ ಬಂತು: ಹಳೆಯ ಮರ, ಒಣದ್ರಾಕ್ಷಿ, ತಳ ಹಿಡಿದ ಬೆಲ್ಲದ ಪಾಕ. ಕಣ್ಣು ಹೊಂದಿಕೊಂಡ ಮೇಲೆ ಸಾಲು ಸಾಲು ಪೀಪಾಯಿಗಳು, ಗೋಡೆಯುದ್ದಕ್ಕೂ ನೆಟ್ಟಗೆ ನಿಲ್ಲಿಸಿದ ಕಪ್ಪು ಬಾಟಲಿಗಳು. ಆ ಬಾಟಲಿಗಳಿಗೆ ಕಾಗದದ ಚೀಟಿ ಅಂಟಿಸಿರಲಿಲ್ಲ, ಬಿಳಿ ಬಣ್ಣದಲ್ಲಿ ಅಕ್ಷರಗಳ ಅಚ್ಚು ಒತ್ತಿದ್ದರು. ಮನೆತನದ ಹೆಸರು, ದ್ರಾಕ್ಷಿಯ ತಳಿ, ಸುಗ್ಗಿಯ ವರ್ಷ.

ಅಲ್ಲಿ ಮೇಜಿನ ಹಿಂದೆ ನಿಂತಿದ್ದ ಹಿರಿಯರೊಬ್ಬರು ನಾನು ದ್ರಾಕ್ಷಿ ಬೆಳೆಗಾರರ ಮಗ ಎಂದ ಮೇಲೆ ಬಂದವರಿಗೆಲ್ಲ ಹೇಳುವ ಮಾತನ್ನು ಬದಿಗಿಟ್ಟು ಕೆಲಸದ ಮಾತಿಗಿಳಿದರು. ರಸ ಹುದುಗೇಳುತ್ತಿರುವಾಗ ಅದಕ್ಕೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ, ಶೇಕಡಾ 96ರಷ್ಟು ತೀಕ್ಷ್ಣವಾದ ಮದ್ಯಸಾರ ಬೆರೆಸುತ್ತಾರೆ. ಹುದುಗು ಅಲ್ಲಿಗೆ ನಿಲ್ಲುತ್ತದೆ, ಹಣ್ಣಿನ ಸಿಹಿ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಬೇಗ ಬೆರೆಸಿದರೆ ಮಾಲ್ವಜೀಯ ತಳಿಯದಂಥ ಗಟ್ಟಿ ಸಿಹಿ. ತಡವಾಗಿ ಬೆರೆಸಿದರೆ ಸೆರ್ಸಿಯಾಲ್‌ನಂಥ ಒಗರು. ವೆರ್ದೇಲ್ಯೊ, ಬುವಾಲ್ ತಳಿಗಳು ನಡುವಿನವು. ಇಷ್ಟು ಬೇರೆ ಕಡೆಯೂ ಉಂಟು. ಇದರ ಮುಂದಿನದು ಈ ದ್ವೀಪದ್ದೇ. ವೈನಿಗೆ ಬಿಸಿ ಮತ್ತು ಗಾಳಿ ಎರಡೂ ಶತ್ರುಗಳೆಂದು ಜಗತ್ತೆಲ್ಲ ನೆಲಮಾಳಿಗೆ ತೋಡಿದರೆ, ಇಲ್ಲಿ ಪೀಪಾಯಿಯನ್ನು ಹೆಂಚಿನ ಕೆಳಗಿನ ಅಟ್ಟಕ್ಕೆ ಏರಿಸುತ್ತಾರೆ. ಬೇಸಿಗೆಯಲ್ಲಿ ಕಾಯಲಿ, ಚಳಿಗಾಲದಲ್ಲಿ ತಣಿಯಲಿ ಎಂದು ವರ್ಷಾನುಗಟ್ಟಲೆ ಅಲ್ಲೇ ಬಿಡುತ್ತಾರೆ. ಮರದ ಸಂದಿನಲ್ಲಿ ಗಾಳಿಯಾಡುತ್ತದೆ, ನೀರಿನಂಶ ಹಾರಿಹೋಗುತ್ತದೆ. ಉಳಿದದ್ದು ಗಟ್ಟಿಯಾಗುತ್ತಾ, ಕಪ್ಪಾಗುತ್ತಾ, ಹುಳಿಯೇರುತ್ತಾ ಹೋಗುತ್ತದೆ. ಒಂದೇ ತಳಿ, ಒಂದೇ ವರ್ಷದ ಸುಗ್ಗಿ, ಮರದಲ್ಲಿ ಕನಿಷ್ಠ 20 ವರ್ಷ ವಾಸ; ಇಷ್ಟೂ ಕೂಡಿದರೆ ಅದಕ್ಕೆ ಫ್ರಾಸ್ಕೇರ ಎಂಬ ಪಟ್ಟ. ದೊಲಿವೇರದವರು 20ಕ್ಕೆ ನಿಲ್ಲುವವರಲ್ಲ. ಅವರಲ್ಲಿ ಹಲವು ಪೀಪಾಯಿಗಳು ಅದರ ಮೂರು ನಾಲ್ಕು ಪಟ್ಟು ಕಾಲ ಕೂತಿರುತ್ತವೆ. ಬೇಕಾದಾಗ ಬೇಕಾದಷ್ಟೇ ಬಾಟಲಿಗೆ ಇಳಿಸುತ್ತಾರೆ.

ಈ ಬಿಸಿಯ ಉಪಾಯ ಹೊಳೆದದ್ದರಲ್ಲಿ ನಮ್ಮ ಕಡಲಿಗೂ ಪಾಲಿದೆ. ಭಾರತಕ್ಕೆ ಹೊರಟ ಹಡಗುಗಳು ಮದೀರದಲ್ಲಿ ನಿಂತು ನೀರು, ಆಹಾರ, ವೈನ್ ತುಂಬಿಕೊಳ್ಳುತ್ತಿದ್ದವು. ಪೀಪಾಯಿಗಳು ಹಡಗಿನ ತಳದಲ್ಲಿ ಸಮಭಾಜಕವನ್ನು ದಾಟಿ, ಬೆಂದು, ಕುಲುಕಾಡಿ ಬರುತ್ತಿದ್ದವು. ಖರ್ಚಾಗದೆ ಮರಳಿದವನ್ನು ತೆರೆದು ನೋಡಿದರೆ ಹೊರಟಾಗಿನದಕ್ಕಿಂತ ಚೆನ್ನಾಗಿದ್ದವು. 18ನೇ ಶತಮಾನದಲ್ಲಿ ಇದೇ ಒಂದು ಪದ್ಧತಿಯಾಗಿ, ಕಾಯಿಸುವುದಕ್ಕೆಂದೇ ಪೀಪಾಯಿಗಳನ್ನು ಇಂಡಿಯಾಕ್ಕೆ ಕಳಿಸಿ ವಾಪಸು ತರಿಸಿಕೊಂಡರು. ಅಂಥ ವೈನಿಗೆ ವಿನ್ಯು ದ ರೋದ ಎಂದು ಹೆಸರು, ಲಂಡನ್ನಿನಲ್ಲಿ ಹೆಚ್ಚು ಬೆಲೆ. ಹಡಗಿನ ಬಾಡಿಗೆ ಉಳಿಸಲು ಮುಂದೆ ದ್ವೀಪದಲ್ಲೇ ಕಾಯಿಸುವ ಕೋಣೆಗಳನ್ನು ಕಟ್ಟಿದರು. ಇಂದು ಅಗ್ಗದ ಮದೀರವನ್ನು ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿಯಲ್ಲಿ ಮೂರು ತಿಂಗಳು ಕಾಯಿಸುತ್ತಾರೆ. ದುಬಾರಿಯದನ್ನು ಮಾತ್ರ ಅಟ್ಟಕ್ಕೇರಿಸಿ ಬಿಸಿಲಿಗೆ ಒಪ್ಪಿಸುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಮದರಾಸು, ಕಲ್ಕತ್ತೆಗಳ ಊಟದ ಮೇಜಿನಲ್ಲಿ ಕುಡಿದದ್ದೂ ಬಹುಪಾಲು ಮದೀರವನ್ನೇ. ನಮ್ಮ ಸೆಕೆಯಲ್ಲಿ ಕೆಡದೆ ಉಳಿಯುತ್ತಿದ್ದ ವೈನ್ ಇದು.

ಹಿರಿಯರು ಮೊದಲು 1977ರ ತೆರಾಂತೆಸ್ ಸುರಿದರು. ಈ ತಳಿ ಹೆಚ್ಚುಕಡಿಮೆ ನಶಿಸಿಹೋಗಿತ್ತು. ಬಳ್ಳಿ ನಾಜೂಕು, ಇಳುವರಿ ಕಡಿಮೆ, ರೈತನಿಗೆ ಲಾಭವಿಲ್ಲ. ಆಮೇಲೆ 1908ರ ಬುವಾಲ್, ಬೆರಳ ಗಾತ್ರದಷ್ಟು. ಲೋಟ ಓರೆ ಮಾಡಿದರೆ ಕಪ್ಪಿನ ಅಂಚಿನಲ್ಲಿ ಹಸಿರು ಛಾಯೆ. ನಾಲಿಗೆಗೆ ಸಿಹಿ ತಾಕಿತು ಎನ್ನುವಷ್ಟರಲ್ಲಿ ಹುಳಿ ಎದ್ದು ಅದನ್ನು ಸೀಳಿಕೊಂಡು ಹೋಯಿತು. ಒಣಗಿದ ಕಿತ್ತಳೆ ಸಿಪ್ಪೆ, ಹುರಿದ ಬೀಜ, ಕೊನೆಗೆ ಸ್ವಲ್ಪ ಉಪ್ಪು ಎನಿಸುವ ಏನೋ ಒಂದು. ಬೀದಿಗೆ ಬಂದು, ಚೌಕ ದಾಟಿ, ಚರ್ಚಿನ ಮುಂದಿನ ಕಲ್ಲುಬೆಂಚಿನಲ್ಲಿ ಕೂತ ಮೇಲೂ ಅದು ಬಾಯಲ್ಲಿತ್ತು. ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನಾನು ಕುಡಿದ ಯಾವುದೂ ಇಷ್ಟು ಹೊತ್ತು ನಿಂತಿಲ್ಲ.

“ಇದರ ಹಣ್ಣು ಯಾರ ತೋಟದ್ದು?” ಎಂದು ಕೇಳಿದೆ.

ಅವರು ಬಾಟಲಿಯ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಮನೆತನದ ತೋಟ ಸಾಂವ್ ಮಾರ್ತಿನ್ಯು ಕಡೆ ಇತ್ತು. ಆಮೇಲೆ ಕೊಂಡುಕೊಂಡದ್ದೂ ಇರುತ್ತದೆ. ನೂರು ವರ್ಷದ ಹಿಂದಿನ ಮಾತು, ಯಾವ ಬಳ್ಳಿ, ಯಾವ ಗೋಡೆ ಎಂದು ನಾನು ಹೇಗೆ ಹೇಳಲಿ? ನೀವು ಎಸ್ತ್ರೇತುಗೆ ಹೋಗಿ. ಈಗ ಕೊಯ್ಲು ನಡೀತಿದೆ.”

ಸಾಂವ್ ಮಾರ್ತಿನ್ಯು ಈಗ ಫುಂಶಾಲಿನ ಬಡಾವಣೆ. ಹೋಟೆಲು, ಅಪಾರ್ಟ್‌ಮೆಂಟುಗಳ ನಡುವೆ ಅಲ್ಲೊಂದು ಇಲ್ಲೊಂದು ಬಾಳೆತೋಟ ಉಳಿದಿದೆ. ಅದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ದೇವನಹಳ್ಳಿ ನೆನಪಾಗದೆ ಇರಲಿಲ್ಲ. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಎಷ್ಟು ಚಪ್ಪರಗಳು ಇಳಿದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಈ ವೈನ್ ಕುಡಿದವರ ಹೆಸರುಗಳನ್ನು ದ್ವೀಪ ಚೆನ್ನಾಗಿ ನೆನಪಿಟ್ಟುಕೊಂಡಿದೆ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಎತ್ತಿದ ಲೋಟದಲ್ಲಿದ್ದದ್ದು ಮದೀರ ಎನ್ನುತ್ತಾರೆ. 1815ರಲ್ಲಿ ಸೇಂಟ್ ಹೆಲೆನಾಕ್ಕೆ ಸೆರೆಯಾಳಾಗಿ ಹೊರಟ ನೆಪೋಲಿಯನ್‌ನ ಹಡಗು ಫುಂಶಾಲಿನ ಮುಂದೆ ನಿಂತಾಗ ಬ್ರಿಟಿಷ್ ಕಾನ್ಸಲ್ 1792ರ ಒಂದು ಪೀಪಾಯಿ ಕೊಟ್ಟನಂತೆ. ನೆಪೋಲಿಯನ್ ಅದನ್ನು ಮುಟ್ಟದೆ ತೀರಿಹೋದ, ಪೀಪಾಯಿ ದ್ವೀಪಕ್ಕೆ ಮರಳಿತು, 1950ರಲ್ಲಿ ಇಲ್ಲಿಗೆ ಬಂದ ಚರ್ಚಿಲ್‌ಗೆ ಅದೇ ವೈನಿನ ಬಾಟಲಿ ತೆರೆದರು ಎಂಬ ಕಥೆಯನ್ನು ಫುಂಶಾಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಡಿದವನ ಹೆಸರಿದೆ, ಕುಡಿಯದೆ ಬಿಟ್ಟವನ ಹೆಸರೂ ಇದೆ. ಬೆಳೆದವರದ್ದು ಎಲ್ಲೂ ಇಲ್ಲ. ಬೆಟ್ಟದ ಮೇಲಿನ ಹಳ್ಳಿಗಳಿಂದ ದ್ರಾಕ್ಷಿರಸವನ್ನು ಆಡಿನ ಚರ್ಮದ ಚೀಲಗಳಲ್ಲಿ ಹೊತ್ತು ಇಳಿಯುತ್ತಿದ್ದವರ ಹಳೆಯ ಚಿತ್ರಗಳನ್ನು ಅಂಗಡಿಗಳಲ್ಲಿ ತೂಗುಹಾಕಿದ್ದಾರೆ. ಸಾಲಾಗಿ ಬಾಗಿ ನಡೆಯುವ ಗಂಡಸರು, ಹೆಗಲ ಮೇಲೆ ಉಬ್ಬಿದ ಚೀಲ. ಅಲ್ಲಿಯೂ ಹೆಸರಿಲ್ಲ. 1908ರ ರಸ ಕೂಡ ಹಾಗೆಯೇ ಯಾರದೋ ಹೆಗಲೇರಿ ಬಂದಿರಬೇಕು.

ಎಸ್ತ್ರೇತು ದ ಕಾಮರ ದ ಲೋಬೊಸ್ ಫುಂಶಾಲಿನ ಪಶ್ಚಿಮಕ್ಕೆ, ಮೀನುಗಾರರ ಊರಿನಿಂದ ಮೇಲಕ್ಕೆ ಹತ್ತಿದರೆ ಸಿಗುತ್ತದೆ. ಬಸ್ಸಿಳಿದು ಎರಡು ತಿರುವು ನಡೆದಿದ್ದೆನಷ್ಟೆ, ರಸ್ತೆಯ ಕೆಳಗಿನ ಮೆಟ್ಟಿಲಿನಿಂದ ಹಣ್ಣಿನ ಬುಟ್ಟಿ ಎತ್ತಿಕೊಡುತ್ತಿದ್ದ ಹೆಂಗಸೊಬ್ಬರು ಹಿಡಿಯಲು ಕೈಸನ್ನೆ ಮಾಡಿದರು. ಹಿಡಿದೆ. ಆಮೇಲೆ ಅಲ್ಲೇ ನಿಂತೆ. ಅವರ ಗಂಡನಿಗೆ ಎಪ್ಪತ್ತು ದಾಟಿತ್ತು. ಹರೆಯದಲ್ಲಿ ಬಹಳ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ತರಕಾರಿ ಅಂಗಡಿ ನಡೆಸಿದ್ದರಿಂದ ಇಂಗ್ಲಿಷ್ ಸರಾಗ. ಈ ದ್ವೀಪದ ಮಕ್ಕಳು ವೆನೆಜುವೇಲ, ದಕ್ಷಿಣ ಆಫ್ರಿಕ, ಇಂಗ್ಲಿಷ್ ಕಾಲುವೆಯ ಜರ್ಸಿ ಹೀಗೆ ಎಲ್ಲಕಡೆ ದುಡಿಯಲು ಹೋದವರು. ಅವರ ಮಗನೂ ಜರ್ಸಿಯಲ್ಲೇ ಇದ್ದಾನೆ.

ಅಲ್ಲಿ ನನಗೆ ಕಂಡದ್ದು ಚಪ್ಪರ! ಯೂರೋಪಿನ ದ್ರಾಕ್ಷಿ ತೋಟವೆಂದರೆ ಬೇಲಿಯಂತೆ ನಿಂತ ಸಾಲುಗಳು ಎಂದುಕೊಂಡು ಹೋದವನಿಗೆ, ತಂತಿ ಹೆಣೆದು ಮೇಲೆ ಬಳ್ಳಿ ಹಬ್ಬಿಸಿದ, ಗೊಂಚಲು ಕೆಳಗೆ ಇಳಿಬಿದ್ದ, ಥೇಟ್ ನಮ್ಮ ಕಡೆಯದೇ ಚಪ್ಪರ. ಎತ್ತರ ಮಾತ್ರ ಬೇರೆ. ನಮ್ಮದರ ಕೆಳಗೆ ನೆಟ್ಟಗೆ ನಿಂತು ಕೈಯೆತ್ತಿ ಕತ್ತರಿಸುತ್ತೇವೆ. ಅವರದು ಸೊಂಟಕ್ಕಿಂತ ಸ್ವಲ್ಪ ಮೇಲೆ, ಕುಕ್ಕರುಗಾಲಿನಲ್ಲಿ ಕೂತು, ಕೆಲವೆಡೆ ಮೊಣಕಾಲೂರಿ ಕೀಳಬೇಕು. ಚಪ್ಪರದಡಿ ಖಾಲಿ ಬಿಡುವುದಿಲ್ಲ, ಸಿಹಿಗೆಣಸು, ಹುರುಳಿಕಾಯಿ, ಎಲೆಕೋಸು ಹಾಕುತ್ತಾರೆ. ಹೊಲವೆಲ್ಲ ಸೇರಿ ಒಂದು ಎಕರೆ ಆಗದು, ಅದೂ ಒಂದೆಡೆ ಇಲ್ಲ. ದ್ವೀಪದಲ್ಲಿ ಹೆಚ್ಚಿನ ಬೆಳೆಗಾರರದು ಇದೇ ಅಳತೆ. ಇಂಥ ತುಂಡು ತುಂಡು ನೆಲದ ಹಣ್ಣು ಕೂಡಿಯೇ ಬೆರಳೆಣಿಕೆಯ ಕೆಲವು ಕೋಠಿಗಳ ಪೀಪಾಯಿ ತುಂಬಬೇಕು.

ಬಗ್ಗಿ ಕೆಲಸ ಮಾಡುತ್ತಾ ಅವರು ಗೋಡೆ ತಟ್ಟಿ ತೋರಿಸಿದರು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. “ಇದು ನನ್ನಜ್ಜನ ಅಪ್ಪ ಕಟ್ಟಿದ್ದು. ನೆಲ ಮಾತ್ರ ಅವರದಾಗಿರಲಿಲ್ಲ.”

ಹೀಗೆ ನನಗೆ ಕೊಲೊನೀಯ ಎಂಬ ಪದ್ಧತಿಯ ವಿಷಯ ತಿಳಿಯಿತು. ಶತಮಾನಗಳ ಕಾಲ ಮದೀರದ ನೆಲ ಒಡೆಯರದ್ದು. ಅದರ ಮೇಲಿನದ್ದೆಲ್ಲ, ಗೋಡೆ, ಬಳ್ಳಿ, ಗುಡಿಸಲು, ಒಕ್ಕಲಿನದು. ಬೆಳೆಯಲ್ಲಿ ಅರ್ಧ ಒಡೆಯನಿಗೆ. ಒಕ್ಕಲನ್ನು ಎಬ್ಬಿಸಬೇಕಾದರೆ ಅವನು ಕಟ್ಟಿದ್ದಕ್ಕೆಲ್ಲ ಬೆಲೆ ತೆರಬೇಕಿತ್ತು. ಹಾಗಾಗಿ ಗೋಡೆ ಎಷ್ಟು ಹೆಚ್ಚು ಕಟ್ಟಿದರೆ ಅಷ್ಟು ಭದ್ರ. ಇಡೀ ಬೆಟ್ಟ ಮೆಟ್ಟಿಲಾದದ್ದರ ಹಿಂದೆ ಈ ಲೆಕ್ಕವೂ ಇದೆ ಎಂದು ನನಗನ್ನಿಸಿತು. 1974ರ ಏಪ್ರಿಲಿನಲ್ಲಿ ಲಿಸ್ಬನ್ನಿನಲ್ಲಿ ಸರ್ವಾಧಿಕಾರ ಉರುಳಿತು, 1976ರಲ್ಲಿ ದ್ವೀಪಕ್ಕೆ ಸ್ವಾಯತ್ತೆ ಬಂತು, 1977ರಲ್ಲಿ ಕೊಲೊನೀಯ ರದ್ದಾಯಿತು. ಒಕ್ಕಲು ನೆಲವನ್ನು ಕೊಂಡು ತನ್ನದಾಗಿಸಿಕೊಳ್ಳಬಹುದಾಯಿತು. ಅವರ ತಂದೆ ಹಾಗೆ ಕೊಂಡದ್ದು ಈ ತುಂಡು; ಅದರ ಹಣ ಜೊಹಾನ್ಸ್‌ಬರ್ಗಿನ ಅಂಗಡಿಯಿಂದ ಬಂದದ್ದು.

ನಾನು ಬುಟ್ಟಿ ಕೆಳಗಿಟ್ಟು ನಮ್ಮ ಕಥೆ ಹೇಳಿದೆ. ಅದೇ 1974ರ ಮಾರ್ಚಿನಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ಗೇಣಿ ರದ್ದಾದದ್ದು, ನಮ್ಮ ತಾತ ಡಿಕ್ಲರೇಷನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಕೈಕಟ್ಟಿ ನಿಂತು ಎರಡು ಎಕರೆ ತಮ್ಮದು ಮಾಡಿಕೊಂಡದ್ದು, ಆಮೇಲೆಯೇ ಅಪ್ಪ ಅದರಲ್ಲಿ ಕಲ್ಲುಕಂಬ ನೆಟ್ಟು ದ್ರಾಕ್ಷಿ ಹಬ್ಬಿಸಿದ್ದು. ಪರರ ನೆಲದಲ್ಲಿ ಚಪ್ಪರ ಹಾಕುವಷ್ಟು ಧೈರ್ಯ ನಮ್ಮವರಿಗಿರಲಿಲ್ಲ. ಆ ಮನುಷ್ಯ ಗಂಭೀರವಾಗಿ ಕೇಳಿ, ಹೆಂಡತಿಗೆ ಪೋರ್ಚುಗೀಸಿನಲ್ಲಿ ಪೂರ್ತಿ ಹೇಳಿದರು. ಮಧ್ಯಾಹ್ನದ ಊಟ ಅವರಲ್ಲೇ ಆಯಿತು. ಮೆಕ್ಕೆಜೋಳದ ಹಿಟ್ಟಿನಲ್ಲಿ ಸೊಪ್ಪು ಹಾಕಿ ಮುದ್ದೆಯಂತೆ ತೊಳಸಿ, ಆರಿದ ಮೇಲೆ ಚೌಕವಾಗಿ ಕತ್ತರಿಸಿ ಕರಿದದ್ದು. ಜೊತೆಗೆ ಆಳ ಸಮುದ್ರದ ಎಸ್ಪಾದ ಎಂಬ ಕಪ್ಪು ಮೀನು, ಬೆಳ್ಳುಳ್ಳಿ ಬೆಣ್ಣೆ ಸವರಿದ ರೊಟ್ಟಿ. ಮನೆಯಲ್ಲಿ ಹಳೆಯ ಮದೀರ ಇರಲಿಲ್ಲ. 1908ರದ್ದು ಕುಡಿದೆ ಎಂದಾಗ ಆಕೆ ಕಣ್ಣರಳಿಸಿ ಹೇಗಿತ್ತು ಎಂದು ಕೇಳಿದರು. ಹೆಂಡತಿ, ಗಂಡ ಇಬ್ಬರೂ ಹುಟ್ಟಿನಿಂದ ದ್ರಾಕ್ಷಿ ಬೆಳೆದವರು, ಇಪ್ಪತ್ತು ವರ್ಷ ದಾಟಿದ ವೈನನ್ನು ಒಮ್ಮೆಯೂ ಬಾಯಿಗೆ ಹಾಕಿದವರಲ್ಲ.

ಸಂಜೆ ಹಣ್ಣು ತೂಕಕ್ಕೆ ಹೋಯಿತು. ಸಿಹಿ ಅಳೆದು, ತೂಗಿ, ಚೀಟಿ ಕೊಟ್ಟರು. ಬುಟ್ಟಿ ಖಾಲಿಯಾದ ಕ್ಷಣಕ್ಕೆ ಬೆಳೆಗಾರನ ಕಾಲ ಮುಗಿಯುತ್ತದೆ, ಕೋಠಿಯ ಕಾಲ ಶುರುವಾಗುತ್ತದೆ. ಕಾಯುವುದಕ್ಕೆ ಅಟ್ಟ ಬೇಕು, ಪೀಪಾಯಿ ಬೇಕು, ಇಪ್ಪತ್ತು ವರ್ಷ ಮಾರದೆ ಇದ್ದರೂ ಉಣ್ಣಲು ಬೇರೆ ಆದಾಯ ಬೇಕು. ದೊಲಿವೇರದವರ ತಾಳ್ಮೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಎರಡು ಮಹಾಯುದ್ಧ, ಮುಚ್ಚಿದ ಮಾರುಕಟ್ಟೆ, ಸುತ್ತಲಿನ ಕೋಠಿಗಳು ಒಂದೊಂದಾಗಿ ಮಾರಿಹೋದದ್ದು, ಇಷ್ಟನ್ನೂ ದಾಟಿ ಆ ಪೀಪಾಯಿಯನ್ನು ಮುಟ್ಟದೆ ಇಟ್ಟರು. 2013ರಲ್ಲಿ ಅದೇ ಬೀದಿಯ ಬಾರೊಸ್ ಎ ಸೋಜ ಎಂಬ ಸಣ್ಣ ಕೋಠಿಯ ಹಳೆಯ ದಾಸ್ತಾನನ್ನೂ ಇವರೇ ಕೊಂಡು ಉಳಿಸಿಕೊಂಡರು. ಅವರಿಲ್ಲದಿದ್ದರೆ 1908ರ ಬುವಾಲ್ ಎಂದೋ ಮೂತ್ರವಾಗಿ ಮಣ್ಣು ಸೇರುತ್ತಿತ್ತು. ಆದರೂ ಬಾಟಲಿಯ ಮೇಲೆ ಮೂರು ಸಾಲು ಬರೆಯಲು ಜಾಗವಿದ್ದಲ್ಲಿ ಒಂದು ಹಳ್ಳಿಯ ಹೆಸರಿಗೂ ಜಾಗವಿತ್ತು ಎನ್ನುವುದು ನನ್ನ ಅಭಿಪ್ರಾಯ. ಮುಂದಿನ ಸುಗ್ಗಿಗಳದ್ದಾದರೂ ಬರೆಯಲಿ.

ಎಸ್ತ್ರೇತುವಿನಿಂದ ದ್ವೀಪದ ಉತ್ತರ ಕರಾವಳಿಗೆ, ಪೋರ್ತು ದ ಕ್ರೂಸ್ ಎಂಬ ಹಳ್ಳಿಗೆ ಹೋದೆ. ಪೆನ್ಯ ದಾಗಿಯ ಎಂಬ ಬಂಡೆಬೆಟ್ಟದ ಬುಡದಲ್ಲಿ ಅಲೆಗಳು ಅಪ್ಪಳಿಸುವ ಊರು. ದಕ್ಷಿಣದ ಬಿಸಿಲಿಲ್ಲ, ಮೋಡ ಯಾವಾಗಲೂ ತಲೆಯ ಮೇಲೆ. ಒಂದು ಸಣ್ಣ ಹೋಟೆಲಿನ ಹಿತ್ತಲಿನಲ್ಲಿ ಕಪ್ಪು ದ್ರಾಕ್ಷಿಯ ಬುಟ್ಟಿ ಇತ್ತು. ವಾಸನೆ ಮೂಗಿಗೆ ಬಡಿಯಿತು, ನಾನು ನಿಂತೇಬಿಟ್ಟೆ. ಬೆಂಗಳೂರು ನೀಲಿ! ದಪ್ಪ ಸಿಪ್ಪೆ, ಒತ್ತಿದರೆ ಜಾರಿ ಹೊರಬರುವ ತಿರುಳು, ಇಡೀ ಓಣಿಗೆ ಹರಡುವ ಆ ಕಸ್ತೂರಿ ಗಂಧ.

ಅದು ಇಸಬೆಲ್ಲ, ಅಮೆರಿಕದ ಲಬ್ರುಸ್ಕ ಕುಲದ ದ್ರಾಕ್ಷಿ. ನಮ್ಮ ಬೆಂಗಳೂರು ನೀಲಿಯೂ ಅದೇ ಕುಲದ್ದು. 1850ರ ದಶಕದ ಮೊದಲಿಗೆ ಮದೀರಕ್ಕೆ ಬೂದಿ ರೋಗ ಬಂತು. ಇಂದು ನಮ್ಮ ತೋಟದಲ್ಲಿ ಎಲೆಯ ಮೇಲೆ ಬಿಳಿಪುಡಿ ಕಂಡ ಕೂಡಲೇ ಗಂಧಕ ಹೊಡೆಯುತ್ತೇವಲ್ಲ, ಅದೇ ರೋಗ. ಮದ್ದು ತಿಳಿಯದ ಕಾಲ. ದ್ವೀಪದ ಬಳ್ಳಿಗಳು ಒಣಗಿದವು, ಬೇರೆ ಬೆಳೆಯಿಲ್ಲದ ಜನ ಹಸಿವಿನಿಂದ ಹಡಗು ಹತ್ತಿದರು. ಚೇತರಿಸಿಕೊಳ್ಳುವಷ್ಟರಲ್ಲಿ, 1872ರಲ್ಲಿ, ಬೇರು ಹೀರುವ ಫಿಲಾಕ್ಸೆರ ಹೇನು ಬಂತು. ಅನೇಕ ವರ್ತಕರು ಅಂಗಡಿ ಮುಚ್ಚಿ ಹೊರಟರು. ಹೋಗಲು ಜಾಗವಿಲ್ಲದ ರೈತರು ರೋಗಕ್ಕೆ ಸುಲಭವಾಗಿ ಜಗ್ಗದ ಅಮೆರಿಕದ ಬಳ್ಳಿಗಳನ್ನು ಹಾಕಿಕೊಂಡು ಬದುಕಿದರು. ಈಗ ಮದೀರ ಎಂಬ ಹೆಸರಿನ ವೈನಿಗೆ ಆ ಹಣ್ಣನ್ನು ಹಾಕುವ ಹಾಗಿಲ್ಲ. ಹಿತ್ತಲಿನಲ್ಲಿ ಬೆಳೆದು ಮನೆಯವರಿಗೆ, ನೆಂಟರಿಗೆ ಎಂದು ಹಿಂಡಿಕೊಳ್ಳುತ್ತಾರೆ. ಹೋಟೆಲಿನಾಕೆ ಒಂದು ಲೋಟ ಕೊಟ್ಟಳು. ಒರಟು, ಹುಳಿ, ಒಂದು ವರ್ಷವೂ ಇಡಲಾಗದ ವೈನ್. ನನಗೆ ಎರಡನೆಯದೂ ಬೇಕೆನಿಸಿತು. ನೂರು ವರ್ಷದ ಬುವಾಲ್ ಎದುರು ನಾನು ಬೆರಗಾಗಿದ್ದೆ. ಇದರ ಮುಂದೆ ಕೂತಾಗ ನಮ್ಮೂರ ಮಾತು ಕಿವಿಗೆ ಬಿದ್ದ ಹಾಗಾಯಿತು. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು, ಹೆಸರು ಭದ್ರವಾಯಿತು. ಅದನ್ನು ಬೆಳೆಯುವ ನೆಲಕ್ಕೆ ಅಂಥ ಭದ್ರತೆ ಸಿಗಲಿಲ್ಲ.

ಊರಿಗೆ ಬಂದ ಮೇಲೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನಮ್ಮ ಎರಡು ಎಕರೆಯಲ್ಲಿ ಈಗ ಅರ್ಧಕ್ಕೆ ಮಾತ್ರ ಚಪ್ಪರವಿದೆ. ಪಕ್ಕದ ತೋಟ ಲೇಔಟ್ ಆಗಿದೆ. ಕಿತ್ತ ಕಲ್ಲುಕಂಬಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿವೆ. ನೆಪೋಲಿಯನ್ ಕಥೆ ಅಪ್ಪನಿಗೆ ಹಿಡಿಸಲಿಲ್ಲ. 1908 ಎಂದಾಗ ಒಮ್ಮೆ ತಲೆಯೆತ್ತಿ ನೋಡಿ, “ಅವತ್ತು ನಮ್ಮಜ್ಜ ಇನ್ನೂ ಹುಡುಗ” ಎಂದ. ಎಸ್ತ್ರೇತುವಿನವರ ವಿಷಯಕ್ಕೆ ಬಂದಾಗ ಮಾತ್ರ ಬೀಡಿ ಆರಿಸಿ ಕೂತ. ಎಷ್ಟು ನೆಲ, ನೀರು ಎಲ್ಲಿಂದ, ಗಂಧಕ ಎಷ್ಟು ಸಲ ಹೊಡೀತಾರೆ, ದುಡ್ಡು ಕೈಗೆ ಯಾವಾಗ ಬರ್ತದೆ. ನೀರು ಮೇಲಿನ ಕಾಡಿನಿಂದ ಲೆವಾದ ಎಂಬ ಕಾಲುವೆಗಳಲ್ಲಿ ಬೆಟ್ಟದ ಮೈ ಬಳಸಿಕೊಂಡು ಬರುತ್ತದೆ, ಸರದಿಯ ಮೇಲೆ ಬಿಡುತ್ತಾರೆ ಎಂದು ಹೇಳಿದೆ. ಅವರು ಈ ಚಳಿಗಾಲದಲ್ಲಿ ಒಂದು ಮೆಟ್ಟಿಲಿನ ಹಳೆಯ ಬಳ್ಳಿ ಕಿತ್ತು ಹೊಸದಾಗಿ ಬುವಾಲ್ ಕೂರಿಸುವವರಿದ್ದಾರೆ, ಮಗ ಬರುತ್ತಾನೋ ಇಲ್ಲವೋ ಗೊತ್ತಿಲ್ಲದೆಯೂ ಕೂರಿಸುವವರಿದ್ದಾರೆ ಎಂದೂ ಹೇಳಿದೆ. ಫಲ ಬರಲು ಮೂರು ವರ್ಷ, ಆ ರಸ ಅಟ್ಟ ಹತ್ತಿದರೆ ಇಳಿಯಲು ಇನ್ನೂ ಇಪ್ಪತ್ತು.

ಅಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

“ಕಂಬ ಯಾತರದು?”

“ಮರದ್ದು. ಕೆಲವು ಕಡೆ ಕಬ್ಬಿಣ.”

“ಮರ ಹುಳ ಬೀಳ್ತದೆ, ಕಬ್ಬಿಣ ಸಮುದ್ರದ ಗಾಳೀಗೆ ತಿಂದೋಗ್ತದೆ. ಅಷ್ಟೊಂದು ಕಲ್ಲು ಇಟ್ಕೊಂಡು ಗೋಡೆ ಕಟ್ಟೋರಿಗೆ ಕಂಬ ಸೀಳೋಕೆ ಬರಾಕಿಲ್ವಾ? ಕಲ್ಲೇ ನೆಡ್ಸು ಅಂತ ಹೇಳು ಆವಯ್ಯಂಗೆ, ಫೋನ್ ಮಾಡು.”